ಹೂವಿನ ಬುಟ್ಟಿ ಇಟ್ಟ ಜಾಗ

ಕುಚ್ಚಲಕ್ಕಿ ಗಂಜಿ ಬೇಯುವ ವಾಸನೆ ಎಲ್ಲಿಂದ ಬಂದರೂ ನನಗೆ ಮತ್ತೆ ಹನ್ನೆರಡು ವರ್ಷವಾಗುತ್ತದೆ. ಸುಮ್ಮನೆ ಚಂದಕ್ಕೆ ಹೇಳಿದ ಮಾತಲ್ಲ ಇದು. ಕಳೆದ ತಿಂಗಳು ಆಪರೇಷನ್ ಮುಗಿಸಿಕೊಂಡು ಬಂದು ಮಲಗಿದ್ದೆ. ಗಂಡ ತಂದಿಟ್ಟ ಶಕ್ತಿಪುಡಿಯ ಡಬ್ಬ ತಲೆಯ ಹತ್ತಿರವೇ ಇತ್ತು, ಅದರ ಮುಖ ನೋಡಲೂ ಮನಸ್ಸಿರಲಿಲ್ಲ. ಆಗ ಪಕ್ಕದ ಮನೆಯ ಅಡುಗೆ ಕೋಣೆಯಿಂದ ಆ ವಾಸನೆ ಕಿಟಕಿ ದಾಟಿ ಬಂತು. ಬಂದದ್ದು ವಾಸನೆಯೊಂದೇ ಅಲ್ಲ. ಮುಳ್ಳೇರಿಯ ಪೇಟೆಯ ಆಚೆ ಗುಡ್ಡದ ಬುಡದಲ್ಲಿದ್ದ ನಮ್ಮ ಹಂಚಿನ ಮನೆ, ಹೊಗೆ ಹಿಡಿದ ಅದರ ಅಡುಗೆ ಕೋಣೆ, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಶಾಮಾಯ್, ಎಲ್ಲ ಒಟ್ಟಿಗೇ ಬಂದವು. ಶಾಮಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಜ್ಜಿ. ಅವರು ನನ್ನೊಡನೆ ಆಡಿದ್ದೆಲ್ಲ ಕೊಂಕಣಿಯೇ. ಇಷ್ಟು ವರ್ಷ ಕಳೆದ ಮೇಲೆ ಅದು ನೆನಪಿನಲ್ಲಿ ಕನ್ನಡವಾಗಿ ಕೇಳಿಸುವುದು ಯಾಕೋ ನನಗೆ ಗೊತ್ತಿಲ್ಲ.

ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕಾಗಿದ್ದ ಕಾಲ ಅದು. ನನಗೆ ಹನ್ನೆರಡು ವರ್ಷ. ಆ ಮಳೆಗಾಲದಲ್ಲಿ ಟೈಫಾಯಿಡ್ ಬಂದು ನನ್ನನ್ನು ಹಿಂಡಿ ಹಾಕಿತ್ತು. ಜ್ವರ ಬಿಟ್ಟ ಮೇಲೆ ನೋಡಿದರೆ ಕಾಲುಗಳೇ ನನ್ನವಲ್ಲ. ಗೋಡೆ ಹಿಡಿದು ನಿಂತರೂ ನಡುಗುತ್ತಿದ್ದವು. ನೋಡಲು ಬಂದ ಸಂಬಂಧಿಕರೊಬ್ಬರು ನಾನು ನಿದ್ದೆ ಮಾಡಿದ್ದೇನೆ ಎಂದುಕೊಂಡು, "ಇವಳು ಇನ್ನು ಮೊದಲಿನ ಹಾಗೆ ಆಗುವುದು ಸಂಶಯ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊಂತಿ ಹಬ್ಬಕ್ಕೆ ಮೆಟ್ಟಿಲು ಹತ್ತಿಯೇ ಇಗರ್ಜಿಗೆ ಹೋಗುತ್ತೇನೆ ಎಂದು ಕಂಬಳಿಯ ಒಳಗೇ ನಿಶ್ಚಯಿಸಿದೆ.

ಮೊಂತಿ ಎಂದರೆ ಮರಿಯಮ್ಮನವರು ಹುಟ್ಟಿದ ದಿನದ ಹಬ್ಬ, ನಮಗೆ ಹೊಸ ಅಕ್ಕಿ ಉಣ್ಣುವ ದಿನವೂ ಅದೇ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳೆಲ್ಲ ಗೌರಿಹೂ, ಕೇಪುಳ, ದಾಸವಾಳ ಕೊಯ್ದು ಬುಟ್ಟಿಯಲ್ಲಿ ಒಯ್ದು ಮಾತೆಯ ಪಾದಕ್ಕೆ ಹಾಕುತ್ತಾರೆ. ಹೂವನ್ನು ಅವರವರೇ ಕೊಯ್ಯಬೇಕು. ಇಗರ್ಜಿ ಎಂದರೆ ನಮ್ಮ ಚರ್ಚು, ಅದು ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಕೆಂಪು ಕಲ್ಲಿನ ನಲವತ್ತೊಂದು ಮೆಟ್ಟಿಲು. ಹಿಂದಿನ ರಸ್ತೆಯಿಂದ ಆಟೋ ಬಾಗಿಲವರೆಗೂ ಹೋಗುತ್ತಿತ್ತು, ಅಮ್ಮನಿಗೆ ಅದೇ ಸರಿ ಎನಿಸಿತ್ತು. ನನ್ನ ಪಕ್ಷ ಹಿಡಿದವರು ಶಾಮಾಯ್ ಒಬ್ಬರೇ. "ದೇವರ ಹತ್ರ ಕೇಳಿದ್ದೇನೆ. ಕಾಲು ಅವ ಕೊಡ್ತಾನೆ. ನಡೆಯುವುದು ನೀನೇ, ಗೊತ್ತುಂಟಲ್ಲ?" ಎಂದರು.

ಅವರ ಚಿಕಿತ್ಸೆ ಶುರುವಾಗುತ್ತಿದ್ದದ್ದು ಗಂಜಿಯಿಂದ. ಮೊದಲು ಬರೀ ತಿಳಿ, ಆಮೇಲೆ ನುರಿದ ಅಗುಳು, ಆಮೇಲೆ ಒಂದು ಚಮಚ ತುಪ್ಪ. ಮಧ್ಯಾಹ್ನ ರಾಗಿ ಮಣ್ಣಿ. ರಾಗಿ ಅರೆದು ಬಟ್ಟೆಯಲ್ಲಿ ಹಿಂಡಿ, ತೆಂಗಿನ ಹಾಲು, ಬೆಲ್ಲ ಹಾಕಿ, ಕೈ ಸೋಲುವ ತನಕ ಮಗುಚಿ, ತಟ್ಟೆಗೆ ಹೊಯ್ದು ತುಂಡು ಮಾಡುತ್ತಿದ್ದರು. ಬೇಡವೆಂದು ಮುಖ ತಿರುಗಿಸಿದರೆ ಅವರ ಹತ್ತಿರ ಒಂದು ಕಥೆ ತಯಾರಿರುತ್ತಿತ್ತು. ಯೇಸು ಸ್ವಾಮಿ ಒಬ್ಬಳು ಹುಡುಗಿಯನ್ನು ಸಾವಿನಿಂದ ಎಬ್ಬಿಸಿದ. ಅವಳಿಗೂ ಹನ್ನೆರಡೇ ವರ್ಷ. "ಎಬ್ಬಿಸಿದ ಮೇಲೆ ಎಂತ ಹೇಳಿದ? ಪ್ರಾರ್ಥನೆ ಮಾಡು ಅಂತ ಹೇಳಿದನಾ? ಇಲ್ಲ. ಇವಳಿಗೆ ತಿನ್ಲಿಕ್ಕೆ ಎಂತಾದ್ರೂ ಕೊಡಿ ಅಂದ. ದೇವರಿಗೇ ಗೊತ್ತುಂಟು, ನಿನಗೆ ಗೊತ್ತಿಲ್ವಾ?" ಇಷ್ಟು ಕೇಳಿದ ಮೇಲೆ ಬಾಯಿ ತೆರೆಯುತ್ತಿದ್ದೆ.

ಒಂಬತ್ತು ದಿನಗಳ ಪ್ರಾರ್ಥನೆ ಶುರುವಾದ ಸಂಜೆ ಅವರು ನನ್ನ ಬೆತ್ತದ ಬುಟ್ಟಿಯನ್ನು ಜಗಲಿಯ ಆ ತುದಿಯಲ್ಲಿ ಇಟ್ಟು ಬಂದರು. ಬುಟ್ಟಿ ಬೇಕಾದರೆ ನಾಳೆ ಅಲ್ಲಿಗೆ ನಾನೇ ಹೋಗಬೇಕು, ಅಲ್ಲಿರುವ ಗಿಡದ ಹೂ ಕೊಯ್ದು ಕೊಟ್ಟರೆ ಅವರು ಇಗರ್ಜಿಗೆ ಒಯ್ಯುತ್ತಾರೆ, ಅದು ಕರಾರು. ಮರುದಿನ ಬುಟ್ಟಿ ಬಾವಿಕಟ್ಟೆಗೆ ಹೋಯಿತು, ಮತ್ತೊಂದು ದಿನ ದನದ ಹಟ್ಟಿಯ ಹಿಂದಕ್ಕೆ. ಆರನೆಯ ದಿನ ಅದು ನೆರೆಮನೆಯ ಐಸಮ್ಮನವರ ಅಂಗಳ ತಲುಪಿತ್ತು. ಅವರು ಬೇಲಿಯ ದಾಸವಾಳದ ರೆಂಬೆಯನ್ನು ನನಗಾಗಿ ಬಗ್ಗಿಸಿ ಹಿಡಿದು, "ಕೊಯ್ಯಿ ಮಗಾ, ನಿನ್ನ ಅಜ್ಜಿ ನೋಡ್ತಾ ಇದ್ದಾರೆ, ನಾನು ಕೊಯ್ದು ಕೊಟ್ರೆ ನನಗೆ ಬೈಗಳು" ಎಂದರು. ಒಂಬತ್ತನೆಯ ದಿನ ಬುಟ್ಟಿ ಇಗರ್ಜಿಯ ಮೆಟ್ಟಿಲ ಬುಡದಲ್ಲಿತ್ತು. ಎರಡು ಸಲ ಕೂತು, ಒಂದು ಸಲ ಬಿದ್ದು, ಅದನ್ನು ಮುಟ್ಟಿದೆ.

ಹಬ್ಬದ ಬೆಳಿಗ್ಗೆ ನಾನೊಂದು ಮೂರ್ಖತನ ಮಾಡಿದೆ. ಪೂಜೆಯಲ್ಲಿ ಪಾದ್ರಿಗಳು ಕೊಡುವ ಪರಮ ಪ್ರಸಾದ ಸ್ವೀಕರಿಸುವ ದಿನ ಶಾಮಾಯ್ ಎದ್ದಾಗಿನಿಂದ ಒಂದು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಒಂದು ಗಂಟೆಯ ಉಪವಾಸ ಸಾಕೆಂದು ಪಾದ್ರಿಗಳು ಎಷ್ಟು ಸಲ ಹೇಳಿದರೂ ಅವರ ಬಾಲ್ಯದ ಆ ನೇಮ ಒಮ್ಮೆಯೂ ಮುರಿದದ್ದಿಲ್ಲ. ದೊಡ್ಡವರ ಉಪವಾಸ ಮಾಡಿದರೆ ದೇವರು ಕಾಲಿಗೆ ದೊಡ್ಡ ಶಕ್ತಿ ಕೊಡುತ್ತಾನೆ ಎಂದು ನಾನು ನನ್ನ ಗಂಜಿಯನ್ನು ಯಾರೂ ಕಾಣದಂತೆ ಬಾಳೆಯ ಬುಡಕ್ಕೆ ಚೆಲ್ಲಿದೆ. ಇಪ್ಪತ್ತಮೂರನೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂತು. ಕುಸಿದೆ. ಬುಟ್ಟಿ ಮಗುಚಿ ಹೂವೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಮುಂದಿನ ಮಕ್ಕಳು ತಿರುಗಿ ನೋಡಿದರು, ಅಮ್ಮ ಆಟೋ ಕರೆಯಲು ಕೆಳಗೆ ಓಡಿದರು.

ಶಾಮಾಯ್ ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ಗಂಜಿ ಚೆಲ್ಲಿದೆಯಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದರು. ಪೂಜೆ ಮುಗಿದ ಮೇಲೆ ನನಗೆಂದು ತಂದಿದ್ದ ಮಣ್ಣಿ. "ಪ್ರಸಾದ ತಗೊಳ್ಳುವ ಮೊದಲು ತಿನ್ನುವುದಿಲ್ಲ, ನೀವೂ ತಿನ್ನುವುದಿಲ್ಲವಲ್ಲ" ಎಂದೆ. ಶಾಮಾಯ್ ತುಂಡನ್ನು ಮುರಿದು, ಹತ್ತುವವರೆಲ್ಲ ನೋಡುತ್ತಿದ್ದಂತೆ, ಅರ್ಧವನ್ನು ತಮ್ಮ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದರು. "ಈಗ ನನಗೂ ಇವತ್ತು ಪ್ರಸಾದ ಇಲ್ಲ. ಅವನಿಗೆ ಅರ್ಥ ಆಗ್ತದೆ. ನೀನು ತಿನ್ನು" ಎಂದರು. ನಾನು ತಿಂದೆ. ಅಳುತ್ತಲೇ ತಿಂದೆ. ಹೂ ಹೆಕ್ಕಿ ಬುಟ್ಟಿಗೆ ಹಾಕಿ ಎದ್ದೆ. ಅಮ್ಮ ಆಟೋದಲ್ಲಿ ಬಂದು ಮೇಲೆ ಇಳಿಯುವಾಗ ನಾನು ಕೊನೆಯ ಮೆಟ್ಟಿಲಲ್ಲಿದ್ದೆ. ಮಣ್ಣು ಮೆತ್ತಿದ ಆ ಹೂಗಳನ್ನೇ ಮಾತೆಯ ಪಾದಕ್ಕೆ ಹಾಕಿದೆ. ಎಲ್ಲರೂ ಪ್ರಸಾದಕ್ಕೆ ಎದ್ದಾಗ ಶಾಮಾಯ್ ಮತ್ತು ನಾನು ಇಬ್ಬರೇ ಬೆಂಚಿನಲ್ಲಿ ಮೊಣಕಾಲೂರಿ ಇದ್ದೆವು.

ಆ ಮನೆ ಈಗ ಇಲ್ಲ, ಅಲ್ಲಿ ರಬ್ಬರ್ ಶೀಟ್ ಒಣಗಿಸುವ ಶೆಡ್ಡು ಎದ್ದಿದೆ. ಬಾವಿಯನ್ನೂ ಮುಚ್ಚಿದ್ದಾರೆ. ನಾನು ಕಾಲೇಜಿನಲ್ಲಿದ್ದಾಗ ಶಾಮಾಯ್ ಹಾಸಿಗೆ ಹಿಡಿದರು. ಗಂಜಿಯ ಚಮಚವನ್ನು ಮೊದಲು ನಾನೇ ಬಾಯಿಗಿಟ್ಟು ತೋರಿಸಿದೆ, ಆ ಹುಡುಗಿಯ ಕಥೆಯನ್ನೂ ಹೇಳಿದೆ. ಅವರು ನಕ್ಕರು, ಬಾಯಿ ಮಾತ್ರ ತೆರೆಯಲಿಲ್ಲ. ಆ ಹಾಸಿಗೆಯಿಂದ ಅವರನ್ನು ಎಬ್ಬಿಸಲು ನನ್ನಿಂದ ಆಗಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ನಿನ್ನೆ ಸಂಜೆ ಗಂಡನ ಕೈಗೆ ಮಾರ್ಕೆಟ್ಟಿನ ಬುಟ್ಟಿ ಕೊಟ್ಟು ಗೇಟಿನ ಹತ್ತಿರ ಇಟ್ಟು ಬರಲು ಹೇಳಿದೆ. ಇಷ್ಟು ದಿನ ಅದು ಹೊಸ್ತಿಲ ಹೊರಗೆ ಇರುತ್ತಿತ್ತು, ನಾನು ನಡೆದದ್ದೂ ಅಲ್ಲಿಯವರೆಗೇ.

"ಖಾಲಿ ಬುಟ್ಟಿ ಎಂತಕ್ಕೆ ಅಲ್ಲಿ?" ಎಂದರು.

"ಇಡಿ ಮಾರಾಯ್ರೆ, ನಾಳೆ ನಾನೇ ತರ್ತೇನೆ" ಎಂದೆ.

ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದೆ. ಬುಟ್ಟಿ ಬಹಳ ದೂರ ಇತ್ತು. ಮೊದಲು ಕೂತು, ಬಟ್ಟಲಲ್ಲಿದ್ದ ಗಂಜಿಯನ್ನು ಕೊನೆಯ ಅಗುಳಿನವರೆಗೂ ಉಂಡೆ. ಆಮೇಲೆ ಬಾಗಿಲು ತೆರೆದೆ.