ಸುಣ್ಣದ ಗೆರೆಯ ಮನೆ

ಭಾಗ್ಯನಗರದ ಆಚೆ ಹೊಲಗಳನ್ನು ಭಾಗ ಮಾಡಿ ಭಾಗ್ಯ ಮಾರುವ ಪ್ಲಾಟಿನ ದಲಾಲಿ ಈಶಪ್ಪನವರ ಬೈಕಿಗೆ ಸದಾ ಒಂದು ಚೀಲ ಸುಣ್ಣದ ಪುಡಿ ತೂಗುತ್ತಿರುತ್ತದೆ. ಗಿರಾಕಿ ಬಂದರೆ ಸಾಕು, ಜಾಲಿಗಿಡಗಳ ನಡುವೆ ಬಗ್ಗಿ ಗೆರೆ ಎಳೆಯುತ್ತ, "ಇದು ಪಡಸಾಲಿ, ಇದು ಅಡಿಗಿಮನಿ, ಇಲ್ಲಿ ನಿಮ್ಮ ತಾಯಾರಿಗೆ ಕುಂಡ್ರಾಕ ಕಟ್ಟಿ" ಎಂದು ಐದು ನಿಮಿಷದಲ್ಲಿ ಮನೆ ಕಟ್ಟಿ ಮುಗಿಸುತ್ತಾರೆ. ಯಾರಾದರೂ ಗೆರೆ ದಾಟಿದರೆ ಹೌಹಾರುತ್ತಾರೆ: "ಯಪ್ಪಾ, ಅಲ್ಲಿ ಗ್ವಾಡಿ ಐತ್ರಿ! ಬಾಗಲದಾಗ ಬರ್ರಿ, ಚಪ್ಪಲಿ ಹೊರಗ ಬಿಡ್ರಿ." ಅಳವಂಡಿಯ ಮಾಸ್ತರರೊಬ್ಬರು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡೂ ದೇವರಮನೆಗೆ ಕೈಮುಗಿದೇ ಹೋದರು. ಆದರೆ ಬೇವಿನ ಮರದ ಪಕ್ಕದ ಮೂಲೆ ಪ್ಲಾಟನ್ನು ಯಾರು ಕೇಳಿದರೂ, "ಅಲ್ಲಿ ಮಂದಿ ಅದಾರ್ರಿ" ಎಂದು ಸಾಗಹಾಕುತ್ತಾರೆ. ಅದನ್ನು ಕೊಳ್ಳುವ ಶಕ್ತಿ ಈಶಪ್ಪನವರಿಗಿನ್ನೂ ಬಂದಿಲ್ಲ, ಬೇರೆಯವರಿಗೆ ಮಾರುವ ಮನಸ್ಸೂ ಇಲ್ಲ. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದ ಹೆಂಡತಿ ಸುರೇಖಾ ಪ್ರತಿ ರವಿವಾರ ಸಂಜೆ ಅಲ್ಲಿಗೆ ಬರುತ್ತಾರೆ. ಗಾಳಿ ಅಳಿಸಿದ ಗೋಡೆಗಳನ್ನು ಈಶಪ್ಪನವರು ಮತ್ತೆ ಎಳೆಯುತ್ತಾರೆ. ಸುರೇಖಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಡುಗೆಮನೆಯಲ್ಲಿ ಕೂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾರೆ. ಮೊನ್ನೆ ಸೆರಗು ಹಾರಿತು. "ಗಾಳಿ ಭಾಳ ಐತಿ, ಕದಾ ಮುಂದ ಮಾಡ್ರಿ" ಅಂದರು. ಈಶಪ್ಪನವರು ಎದ್ದು, ಬಾಗಿಲಿಗೆಂದು ಬಿಟ್ಟಿದ್ದ ಜಾಗಕ್ಕೆ ಅಡ್ಡಗೆರೆ ಎಳೆದು ಬಂದು ಕೂತರು.