ಕರುವಿಗೆ ಬಾಟಲಿ ಹಿಡಿದ ಕೈ

ಕರು ಹಾಕಿದ ವಾರದೊಳಗೆ ನಮ್ಮ ಹಸು ಸತ್ತುಹೋಯಿತು. ಗಿಣ್ಣುಹಾಲು ಕುಡಿದಿದ್ದರಿಂದ ಕರು ಸ್ವಲ್ಪ ಗಟ್ಟಿಯಾಗಿತ್ತು. ಆದರೂ ತಾಯಿಯಿಲ್ಲದ ಕರು ಉಳಿಯುವುದು ಕಷ್ಟ ಎಂದು ಹೊಸನಗರದ ನಮ್ಮ ಕೇರಿಯವರೆಲ್ಲ ಹೇಳಿದರು. ನನ್ನ ಹೆಂಡತಿ ಮಾತ್ರ ಹೆದರಲಿಲ್ಲ. ಅವಳು ಅರಳಸುರಳಿ ಕಡೆಯವಳು, ದನಕರುಗಳ ನಡುವೆಯೇ ಬೆಳೆದವಳು.

ದನಕ್ಕೆ ಹೊಟ್ಟೆ ಉಬ್ಬರಿಸಿದರೆ ನಮ್ಮಲ್ಲಿ ಗೊಟ್ಟದಲ್ಲಿ ಕಷಾಯ ಹೊಯ್ಯುತ್ತಾರೆ. ಬಿದಿರಿನ ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಅದೇ ಗೊಟ್ಟ. ಒಬ್ಬರು ದನದ ಮೂತಿ ಎತ್ತಿ ಹಿಡಿಯಬೇಕು, ಇನ್ನೊಬ್ಬರು ದವಡೆಯ ಸಂದಿಯಲ್ಲಿ ಗೊಟ್ಟ ತೂರಿಸಬೇಕು. ಇವಳು ಎರಡನ್ನೂ ಒಬ್ಬಳೇ ಮಾಡುತ್ತಿದ್ದಳು. ಕೇರಿಯಲ್ಲಿ ಯಾರ ದನ ಮೇವು ಬಿಟ್ಟರೂ ಇವಳಿಗೇ ಕರೆ ಬರುತ್ತಿತ್ತು.

ಪಕ್ಕದ ಮನೆಯ ಅಜ್ಜಿ ತಮ್ಮ ಹಸುವಿನ ಹಾಲು ಕೊಡಲು ಒಪ್ಪಿದರು. ನಾನು ಅಂಗಡಿಯಿಂದ ರಬ್ಬರ್ ನಿಪ್ಪಲ್ ತಂದೆ. ಹಾಲು ನಿಧಾನ ಬರುತ್ತದೆಂದು ಹೆಂಡತಿ ಕಾಯಿಸಿದ ಸೂಜಿಯಿಂದ ಅದರ ತೂತು ದೊಡ್ಡದು ಮಾಡಿದಳು. ಕರುವಿನ ಕತ್ತನ್ನು ಕಂಕುಳಲ್ಲಿ ಅಮುಕಿ, ಮೂತಿಯನ್ನು ಕೊಟ್ಟಿಗೆಯ ಮಾಡಿನ ಕಡೆಗೆ ಮೇಲಕ್ಕೆತ್ತಿ, ಬಾಟಲಿ ಬಗ್ಗಿಸಿದಳು. ನಾನು ಕೈಕಾಲು ತೊಳೆದು ಬರುವುದರೊಳಗೆ ಬಾಟಲಿ ಖಾಲಿ.

"ಎಷ್ಟು ಚೆಂದ ಕುಡೀತು ನೋಡಿ," ಎಂದಳು.

ಬೇಲಿಯಾಚೆ ನಿಂತಿದ್ದ ಅಜ್ಜಿ, "ಗಂಡಂಗೂ ಹಿಂಗೇ ಊಟ ಹಾಕ್ತೀಯೇನೆ? ಅದ್ಕೇ ಅವ ಬಾಯಿ ಬಿಡಲ್ಲ," ಎಂದರು.

ಕೆಲವು ದಿನ ಕಳೆದ ಮೇಲೆ ಕರು ಹಾಲು ಕುಡಿದಾಗಲೆಲ್ಲ ಕೆಮ್ಮತೊಡಗಿತು. ಮೂಗಿನಲ್ಲಿ ಹಾಲಿನ ನೊರೆ ಬರುತ್ತಿತ್ತು. ಮಳೆಯ ಶೀತ ಎಂದುಕೊಂಡು ಗೋಣಿ ಹೊದಿಸಿದೆವು, ಹೊಗೆ ಹಾಕಿದೆವು. ಒಂದು ಬೆಳಿಗ್ಗೆ ಅದು ಏಳಲೇ ಇಲ್ಲ. ಏದುಸಿರಿಗೆ ಪಕ್ಕೆ ಏರಿಳಿಯುತ್ತಿತ್ತು.

ನಾವು ಕರೆಸಿದ ದನದ ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ಕರುವಿನ ಎದೆಗೆ ಕಿವಿಗೊಟ್ಟು ಕೇಳಿ, ಹಾಲು ಹೇಗೆ ಕುಡಿಸುತ್ತೀರಿ, ತೋರಿಸಿ ಎಂದರು. ಇವಳು ಎಂದಿನಂತೆ ಮೂತಿ ಎತ್ತಿದಳು.

"ಬಿಡಿ ಅಕ್ಕ, ಬಿಡಿ. ಗೊಟ್ಟ ಹಿಡ್ದು ಅಭ್ಯಾಸ ಇದ್ಯಾ?"

"ಚಿಕ್ಕಂದಿಂದ್ಲೂ ಇದೆ ಮೇಡಂ."

"ಅದೇ ಆಗಿದ್ದು. ಅಷ್ಟು ಎತ್ತಿದ್ರೆ ಅದಕ್ಕೆ ನುಂಗಕ್ಕಾಗಲ್ಲ, ಹಾಲು ಶ್ವಾಸಕೋಶಕ್ಕೆ ಇಳೀತದೆ. ಕೆಚ್ಚಲಿಗೆ ಬಾಯಿ ಹಾಕುವಾಗ ಕತ್ತು ಮುಂದೆ ಚಾಚ್ತದಲ್ಲ, ಅಷ್ಟೇ ಇರ್ಲಿ. ಅದು ಚೀಪಿದ್ರೆ ಮಾತ್ರ ಹಾಲು ಬರ್ಬೇಕು. ಈ ನಿಪ್ಪಲ್ ಬಿಸಾಕಿ."

ಇಂಜೆಕ್ಷನ್ ಕೊಟ್ಟು, ನಾಳೆಯೂ ಬರುತ್ತೇನೆ, ಉಳಿಯುತ್ತದೆ ಎಂದು ಈಗಲೇ ಹೇಳಲಾರೆ ಎಂದು ಹೋದರು.

ಸಂಜೆ ಹೆಂಡತಿ ಹಾಲು ಬೆಚ್ಚಗೆ ಮಾಡಿ ಹೊಸ ನಿಪ್ಪಲ್ ಹಾಕಿದ ಬಾಟಲಿಯನ್ನು ನನ್ನ ಮುಂದಿಟ್ಟಳು. "ನೀವೇ ಕುಡ್ಸಿ. ನನ್ನ ಕೈಯಿಂದ ಬೇಡ."

ನಾನು ಪ್ರಯತ್ನಪಟ್ಟೆ. ಕರು ನಿಪ್ಪಲ್ ಕಚ್ಚಿತು, ಬಿಟ್ಟಿತು, ಮುಖ ತಿರುಗಿಸಿತು. ಒಳಗೆ ಅವಳ ಬಳೆಯ ಸದ್ದು ಕೇಳಿದರೆ ಮಾತ್ರ ಕಿವಿ ನಿಮಿರುತ್ತಿತ್ತು. ಹಾಲು ತಣ್ಣಗಾಗುತ್ತಿದ್ದರೆ ನಾನು ಅವಳ ಕೈಯ ಬಗ್ಗೆ ಯೋಚಿಸುತ್ತಿದ್ದೆ. ಎಷ್ಟೋ ದನ ಎದ್ದು ನಿಂತದ್ದು ಆ ಕೈಯಿಂದ, ಅದು ಸುಳ್ಳಲ್ಲ. ಕಷಾಯ ದನಕ್ಕೆ ಬೇಡದ ವಸ್ತು, ಹೊಯ್ಯಲೇಬೇಕು. ಹಾಲು ಕರುವಿಗೆ ಬೇಕಾದದ್ದು. ನಾವು ಎರಡಕ್ಕೂ ಒಂದೇ ರೀತಿ ಹಿಡಿದೆವು. ಪಕ್ಕದಲ್ಲಿದ್ದ ನನಗೂ ಅದು ತಪ್ಪಾಗಿ ಕಾಣಲಿಲ್ಲ.

"ಬಾ ಮಾರಾಯ್ತಿ, ನಂಗೆ ಬಾಯೇ ಕೊಡ್ತಿಲ್ಲ," ಎಂದು ಕರೆದೆ.

"ಮತ್ತೆ ಎತ್ತಿಬಿಟ್ರೆ?"

"ಮೊಣಕೈ ನಾನು ಹಿಡ್ಕೋತೀನಿ."

ಅವಳು ಕುಕ್ಕರಗಾಲಲ್ಲಿ ಕುಳಿತು, ಹಾಲಲ್ಲಿ ಅದ್ದಿದ ಬೆರಳನ್ನು ಕರುವಿನ ಬಾಯಿಗಿಟ್ಟಳು. ಅದು ಚೀಪತೊಡಗಿದ ಮೇಲೆ ಬೆರಳಿನ ಜಾಗಕ್ಕೆ ನಿಪ್ಪಲ್ ಜಾರಿಸಿದಳು. ಅವಳಿಗೆ ಗೊತ್ತಿಲ್ಲದಂತೆಯೇ ಮೊಣಕೈ ಮೇಲೇಳುತ್ತಿತ್ತು. ನಾನು ಕೆಳಗಿಳಿಸುತ್ತಿದ್ದೆ.

ಹಾಲಿನ ಚೊಂಬು ಹಿಡಿದು ಬಂದ ಅಜ್ಜಿ, "ಇದೆಂತ, ಕರುಗೆ ಹಾಲೋ, ನಿಮ್ಮಿಬ್ರಿಗೆ ಇನ್ನೊಂದ್ಸಲ ಧಾರೆಯೋ?" ಎಂದರು. ಹೆಂಡತಿ ನಗಲಿಲ್ಲ. ಅವಳ ಕಣ್ಣು ಕರುವಿನ ಗಂಟಲ ಮೇಲಿತ್ತು.

ಡಾಕ್ಟರು ದಿನಾ ಬಂದು ಹೋದರು. ಹಾಲು ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಕೊಟ್ಟೆವು. ಪ್ರತಿ ಸಲ ಬಾಟಲಿ ಬಿಸಿನೀರಲ್ಲಿ ತೊಳೆದು, ಒದ್ದೆಯಾದ ಹುಲ್ಲು ತೆಗೆದು ಒಣಹುಲ್ಲು ಹಾಸುತ್ತಿದ್ದೆವು. ಜ್ವರ ಇಳಿಯಿತು, ಏರಿತು, ಮತ್ತೆ ಇಳಿಯಿತು.

ಆಮೇಲೊಂದು ಬೆಳಿಗ್ಗೆ ಕರು ತಾನಾಗಿ ಎದ್ದು ನಿಂತು, ಕೆಚ್ಚಲಿಗೆ ಗುದ್ದುವ ಹಾಗೆ ಬಾಟಲಿಗೆ ಗುದ್ದಿ ಕುಡಿಯಿತು. ಮುಗಿದ ಮೇಲೂ ನಾವಿಬ್ಬರೂ ಕೆಮ್ಮು ಬರುತ್ತದೇನೋ ಎಂದು ಕಾದೆವು. ಕರು ಅವಳ ಸೆರಗಿನ ತುದಿಯನ್ನು ಬಾಯಿಗೆಳೆದುಕೊಂಡು ಚೀಪುತ್ತ ನಿಂತಿತ್ತು.