ಗಂಗಿ ಮೊದಲು ಉಂಡ ದಿನ

ಕಾಗಾಲದ ಗಂಗಿಗೆ ಬೆಳಚು ಸೇರುವುದಿಲ್ಲ ಎಂದು ಕೇರಿಯೆಲ್ಲ ನಂಬಿತ್ತು. ನಾನೂ ನಂಬಿದ್ದೆ. ಹೊಳೆಯ ನೀರಿಳಿದಾಗ ಮೊಣಕಾಲುದ್ದ ಕೆಸರಿಗಿಳಿದು ಆ ಚಿಪ್ಪುಮೀನನ್ನು ಹೆಕ್ಕಿ ಬುಟ್ಟಿ ತುಂಬಿಸುವವಳು ಅವಳೇ. ಮನೆಯಲ್ಲಿ ಬೆಳಚಿನ ಸಾರು ಕುದಿದಾಗ ಮಾತ್ರ, "ನಂಗೆ ಅದರ ವಾಸನೆ ಆಗೂದಿಲ್ಲ" ಎಂದು ಎಲ್ಲರ ಊಟವಾದ ಮೇಲೆ ಗಂಜಿಗೆ ಉಪ್ಪು ಹಾಕಿಕೊಂಡು ಕೂರುತ್ತಿದ್ದಳು. ಗಂಡ ಬೀರಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು. ಮಗ ಉದಯ ಗಾರೆ ಕೆಲಸ ಮಾಡುತ್ತಾನೆ, ಅಕ್ಕಿಗೆ ಈಗ ಬರವಿಲ್ಲ. ಆದರೂ ಅವಳ ತಟ್ಟೆ ಬದಲಾಗಲಿಲ್ಲ.

ನಾನು ಆ ಕೇರಿಯ ಆಶಾ ಕಾರ್ಯಕರ್ತೆ. ಈ ಬೇಸಿಗೆಯಲ್ಲಿ ಅವಳ ಸೊಸೆ ರೂಪಾ ಆರು ತಿಂಗಳ ಬಸುರಿ. ರಕ್ತದ ಅಂಶ ಏಳಕ್ಕೆ ಇಳಿದಿತ್ತು. ಹೀಗೇ ಆದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಮಾತ್ರೆ ಕೊಟ್ಟೆ, ಚೆನ್ನಾಗಿ ತಿನ್ನು ಎಂದೆ. ಎಲ್ಲಕ್ಕೂ ಹೂಂ ಎಂದಳು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋಗಿ ನೋಡಿದರೆ ಅವಳ ಮುಂದೂ ಬರೀ ಗಂಜಿ, ಉಪ್ಪು! ಒಲೆಯ ಮೇಲೆ ಸಾರು ಹಾಗೇ ಇದೆ.

ನನಗೆ ಪಿತ್ತ ನೆತ್ತಿಗೇರಿತು. "ಎಂತ ಇದು? ಸಾರು ಯಾರಿಗೆ ಇಟ್ಟಿದ್ದು?"

"ಅತ್ತೆ ಗಂಜಿ ಉಣ್ಣೂವಾಗ ನಾ ಹೆಂಗೆ ಸಾರು ಹಾಕ್ಕಳ್ಲಿ ಅಕ್ಕಾ? ನಾಚ್ಕೆ ಆಗ್ತದೆ," ಎಂದಳು ರೂಪಾ, ತಲೆ ತಗ್ಗಿಸಿ.

ನಾನು ಒಲೆಯ ಬಳಿ ನಿಂತಿದ್ದ ಗಂಗಿಯ ಕಡೆ ತಿರುಗಿದೆ. "ಕೇಳ್ತಾ? ನಿನ್ನ ನೋಡೇ ಅವಳು ಉಪವಾಸ ಬಿದ್ದದ್ದು."

ಬಾಯಿ ಜೋರಾಯಿತೇನೋ. ಗಂಗಿಯ ಮುಖ ಸಣ್ಣಗಾಯಿತು, ನನಗೂ ಸಂಕಟವಾಯಿತು. ಅವಳು ಹೋಗಿ ತನ್ನ ತಟ್ಟೆ ತಂದಳು. ಉದಯ ಇನ್ನೂ ಬಂದಿರಲಿಲ್ಲ. ಅನ್ನ ಬಡಿಸಿಕೊಂಡು, ಮೇಲೆ ಸಾರು ಹಾಕಿಕೊಂಡು, ಸೊಸೆಯ ಎದುರೇ ಕೂತಳು.

"ಅತ್ತೆ, ನಿಮಗೆ ಅದು ಆಗೂದಿಲ್ಲಲ್ಲ!"

"ಆಗ್ತದೆ ಮಗಾ. ಯಾವಾಗ್ಲೂ ಆಗ್ತಿತ್ತು. ಆಗ ಮಕ್ಕಳು ಎರಡು, ಸಾರು ಒಂದು ಸೌಟು." ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ತುಂಬಿ ಬಂತು. "ನೀನೂ ಹಾಕ್ಕೋ. ನೀ ಉಣ್ಣದಿದ್ರೆ ನಾನೂ ಉಣ್ಣೂದಿಲ್ಲ."

ರೂಪಾ ಹಾಕಿಕೊಂಡಳು. ಇಬ್ಬರೂ ಉಂಡರು. ಪಾತ್ರೆಯ ತಳ ಕಾಣತೊಡಗಿದಾಗ ಗಂಗಿಯ ಕೈ ನಿಂತಿತು. "ಉದಯಂಗೆ?"

"ಅವ್ರು ಬಂದ್ಮೇಲೆ ಬೇರೆ ಮಾಡಿದ್ರೆ ಆತು," ಎಂದು ರೂಪಾ ಉಳಿದ ಸಾರನ್ನು ಎರಡೂ ತಟ್ಟೆಗೆ ಸಮ ಮಾಡಿ ಸುರಿದಳು.

ಗಂಗಿ ಬೇಡ ಎನ್ನಲಿಲ್ಲ.